ಎಳೆಯುವ ಗಾಡಿ, ಕಳೆಯುವ ಲೆಕ್ಕ

ಅತ್ತೆ ಮಾವ ಹಾಸನದಿಂದ ಆರು ತಿಂಗಳ ಮಟ್ಟಿಗೆ ಡೆನ್ವರಿನ ನಮ್ಮ ಮನೆಗೆ ಬರುವುದು ನಿಶ್ಚಯವಾದಾಗ, ಅವರಿಗೆ ಅಮೆರಿಕ ತೋರಿಸುವ ಜವಾಬ್ದಾರಿಯ ಜೊತೆಗೆ ಒಂದು ಅಡುಗೆಮನೆಯನ್ನೂ ಊರಿಂದೂರಿಗೆ ಸಾಗಿಸುವ ಜವಾಬ್ದಾರಿ ನಮ್ಮ ಮೇಲೆ ಬಿತ್ತು. ಅತ್ತೆಯವರು ಹೊರಗಿನ ಊಟ ಮುಟ್ಟುವವರಲ್ಲ. ಇಲ್ಲಿನ ಹೋಟೆಲ್ ಕೋಣೆಗಳಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಮೊದಲು ಅಲಾರಾಂ ಹೊಡೆದುಕೊಳ್ಳುತ್ತದೆ, ಆಮೇಲೆ ಅಗ್ನಿಶಾಮಕ ದಳ ಬರುತ್ತದೆ. ಮಾವನವರು ಬೆಳಗಿನ ಐದು ಗಂಟೆಯ ಫಿಲ್ಟರ್ ಕಾಫಿಯಾಗದೆ ಮಾತನಾಡುವುದಿಲ್ಲ, ಆದ ಮೇಲೆ ಮಾತು ನಿಲ್ಲಿಸುವುದಿಲ್ಲ. ಈ ಎಲ್ಲವನ್ನೂ ಪರಿಶೀಲಿಸಿ, ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಮೋಟಾರ್‌ಹೋಮ್ ಒಂದನ್ನು ಕೊಳ್ಳುವುದೇ ಸರಿಯೆಂದು ನಮ್ಮಾಕೆ ತೀರ್ಮಾನಿಸಿದಳು. ನಾನು ಒಪ್ಪಿದ್ದೇನೆಂಬುದನ್ನು ನನಗೂ ತಿಳಿಸಲಾಯಿತು.

ಅಷ್ಟಕ್ಕೇ ನಿಂತಿದ್ದರೆ ಪೆಟ್ರೋಲಿನ ಯಾವುದಾದರೊಂದು ಗಾಡಿ ಸಾಕಾಗುತ್ತಿತ್ತು. ಆದರೆ ಮೋಟಾರ್‌ಹೋಮ್ ನಿಂತಲ್ಲಿ ಮನೆ, ಹೊರಟರೆ ಬಸ್ಸು. ಕೊತ್ತಂಬರಿ ಸೊಪ್ಪು ಮುಗಿಯಿತೆಂದು ಬಸ್ಸು ತೆಗೆದುಕೊಂಡು ಅಂಗಡಿಗೆ ಹೋಗುವುದಕ್ಕಾಗುವುದಿಲ್ಲ. ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದ ಸುರಂಗವನ್ನು 1930ರಲ್ಲಿ, ಆ ಕಾಲದ ಕಾರುಗಳ ಗಾತ್ರವನ್ನು ನೋಡಿ ಕೊರೆದು ಮುಗಿಸಿದ್ದಾರೆ. ಅದು ದೊಡ್ಡ ಗಾಡಿಗಳಿಗೆ ಹೇಳಿದ ದಾರಿಯಲ್ಲ. ಆದ್ದರಿಂದ ಹಿಂದೆ ಒಂದು ಕಾರೂ ಬರಬೇಕು. ಮನೆಯಲ್ಲಿದ್ದದ್ದು ಹೋಂಡಾ ಒಡಿಸ್ಸಿ. ಅದರ ನಾಲ್ಕೂ ಚಕ್ರಗಳನ್ನು ನೆಲದ ಮೇಲೆ ಬಿಟ್ಟು ಎಳೆದುಕೊಂಡು ಹೋಗಬಾರದು, ಏಕೆಂದರೆ ಎಂಜಿನ್ ತಿರುಗದಿದ್ದರೆ ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡಾಡುವುದಿಲ್ಲ, ಗೇರ್‌ಬಾಕ್ಸ್ ಒಣಗಿ ಸುಟ್ಟುಹೋಗುತ್ತದೆ. ಅಂದ ಮೇಲೆ ಕಾರನ್ನು ಟ್ರೇಲರಿನ ಮೇಲೇ ಹೊರಿಸಬೇಕು. ಕಾರು 4,500 ಪೌಂಡು, ಟ್ರೇಲರು ಸುಮಾರು 2,000 ಪೌಂಡು, ಒಟ್ಟು 6,500. ನಮ್ಮ ಲೆಕ್ಕದಲ್ಲಿ ಮೂರು ಟನ್ನಿಗೆ ಸಮೀಪ. ಮನೆ ಎಳೆಯಬೇಕಾದ ಭಾರ ಹೀಗೆ ನಿಶ್ಚಯವಾಯಿತು. ಇನ್ನು ಮನೆಯೊಂದನ್ನು ಹುಡುಕುವುದಷ್ಟೇ ಬಾಕಿ.

ಮಾವನವರು ಕೆ.ಎಸ್.ಆರ್.ಟಿ.ಸಿ.ಯ ಹಾಸನದ ಪ್ರಾದೇಶಿಕ ಕಾರ್ಯಾಗಾರದಲ್ಲಿ ಸೇವೆಯ ಬಹುಭಾಗವನ್ನು ಕಳೆದು ನಿವೃತ್ತರಾದವರು. ವಿಮಾನ ಇಳಿದ ಮೂರನೆಯ ದಿನ, ಅವರ ಜೆಟ್ ಲ್ಯಾಗಿನಲ್ಲಿ ನಾವೇ ತೂಕಡಿಸುತ್ತಿದ್ದರೂ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಗಾಡಿ ಮಾರುವವನ ಅಂಗಳಕ್ಕೆ ತಪಾಸಣೆಗೆ ಹೊರಟ ಡಿಪೋ ಮ್ಯಾನೇಜರರ ಗತ್ತಿನಲ್ಲಿ ಬಂದರು. ಮಾರಾಟಗಾರ ಬಹಳ ಸಜ್ಜನ. ಗುಂಡಿ ಒತ್ತಿದರೆ ಮೇಜಿನೊಳಗಿಂದ ಮೇಲೇಳುವ ಟಿ.ವಿ.ಯನ್ನು ತೋರಿಸಿದ, ವಿದ್ಯುತ್ತಿನ ಸುಳ್ಳು ಬೆಂಕಿ ಉರಿಯುವ ಅಗ್ಗಿಷ್ಟಿಕೆಯನ್ನು ತೋರಿಸಿದ, ಗೋಡೆಯನ್ನೇ ಹೊರಕ್ಕೆ ತಳ್ಳಿ ಹಜಾರವನ್ನು ಅಗಲಮಾಡಿ ತೋರಿಸಿದ. ಮಗಳು ಮೇಲಿನ ಅಟ್ಟದ ಹಾಸಿಗೆಯನ್ನು ತನ್ನದೆಂದು ಘೋಷಿಸಿ ಅಲ್ಲಿಂದ ಇಳಿಯಲು ನಿರಾಕರಿಸಿದಳು. ಮಾವನವರು ಮಾತ್ರ ಇದೊಂದನ್ನೂ ನೋಡದೆ, ಚಾಲಕನ ಬಾಗಿಲಿನ ಬಳಿ ಅಂಟಿಸಿದ್ದ ತೂಕದ ಚೀಟಿಯ ಮುಂದೆ ಕನ್ನಡಕ ಸರಿಪಡಿಸಿಕೊಂಡು ನಿಂತಿದ್ದರು.

ಅದು ಮರ್ಸಿಡಿಸ್ ಸ್ಪ್ರಿಂಟರ್ ಚಾಸಿಯ ಮೇಲೆ ಕಟ್ಟಿದ ಸಣ್ಣ ಡೀಸೆಲ್ ಗಾಡಿ. ನೋಡಲು ಲಕ್ಷಣವಾಗಿತ್ತು, ಹಿಂದಿನ ಹಿಚ್ಚಿನ, ಅಂದರೆ ಟ್ರೇಲರು ಕಟ್ಟುವ ಕೊಂಡಿಯ, ಮೇಲೆ 5,000 ಪೌಂಡು ಎಂದು ಬರೆದಿತ್ತು. ನಮ್ಮ ಭಾರವೇ 6,500 ಎಂದು ನಾನು ಹೇಳುವಷ್ಟರಲ್ಲಿ ಮಾವನವರು ತಡೆದರು. "ಅಳಿಯಂದಿರೇ, ಆ ಐದು ಸಾವಿರವೂ ನಿಮಗೆ ಸಿಕ್ಕುವುದಿಲ್ಲ. ಗಾಡಿ ತುಂಬಿದಾಗ ಇರಬಹುದಾದ ತೂಕ 11,030. ಗಾಡಿಯೂ ಎಳೆಯುವ ಭಾರವೂ ಸೇರಿ ದಾಟಬಾರದ ತೂಕ 15,250. ಕಳೆಯಿರಿ." ಕಳೆದೆ. 4,220 ಬಂತು. ಮಾರಾಟಗಾರನೂ ತನ್ನ ಫೋನಿನಲ್ಲಿ ಕಳೆದ. ಅವನಿಗೂ ಅಷ್ಟೇ ಬಂತು. ಟ್ರೇಲರ್ ತುಂಬ ಎಳೆಯಬೇಕೆಂದರೆ ಗಾಡಿಯೊಳಗೆ ಹಗುರವಾಗಿರಬೇಕು, ಗಾಡಿಯೊಳಗೆ ಮೈತುಂಬ ಹೇರಿಕೊಂಡರೆ ಟ್ರೇಲರಿಗೆ ಉಳಿಯುವುದು ಅಷ್ಟರಮಟ್ಟಿಗೆ ಕಡಿಮೆ ಎಂಬ ಈ ಸರಳ ವಿಷಯವನ್ನು ಟಿ.ವಿ. ಮೇಲೇಳುವುದಕ್ಕೆ ಮೊದಲೇ ಹೇಳಬಹುದಿತ್ತಲ್ಲವೇ ಎಂದು ನಮ್ಮಾಕೆ ಕೇಳಿದಾಗ, ಆತ ನಮ್ಮೆಲ್ಲರಿಗೂ ತಣ್ಣನೆಯ ನೀರಿನ ಬಾಟಲಿ ಕೊಟ್ಟ.

ಮುಂದಿನದು ಪೆಟ್ರೋಲಿನ ದೊಡ್ಡ ಗಾಡಿ. ಫೋರ್ಡಿನ 7.3 ಲೀಟರಿನ ವಿ8 ಎಂಜಿನ್, 350 ಅಶ್ವಶಕ್ತಿ. ಇದರಲ್ಲಿ ಎಂಜಿನ್ ಮುಂದಿರುವುದರಿಂದ ಚಾಲಕನ ಪಕ್ಕದಲ್ಲಿ ಅದರ ಮುಚ್ಚಳದ ದಿಬ್ಬ ಒಳಗೇ ಎದ್ದು ನಿಂತಿರುತ್ತದೆ. ಅತ್ತೆಯವರು ಅದನ್ನು ಕಂಡದ್ದೇ ಪರಿಚಿತರನ್ನು ಕಂಡಂತೆ ಹಿಗ್ಗಿ, ಸೆರಗು ಸರಿಪಡಿಸಿಕೊಂಡು ಅದರ ಮೇಲೆ ಕುಳಿತುಬಿಟ್ಟರು. ಹಳೆಯ ಕಾಲದ ನಮ್ಮ ಬಸ್ಸುಗಳಲ್ಲಿ ಸೀಟು ಸಿಗದ ಹೆಂಗಸರಿಗೆ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳವೇ ಮೀಸಲು ಆಸನವಾಗಿತ್ತು. ಅದು ಕೂರುವ ಜಾಗವಲ್ಲವೆಂದು ಮಾರಾಟಗಾರ ವಿನಯದಿಂದ ಸೂಚಿಸಿದ; ಅವನ ವಯಸ್ಸಿಗಿಂತ ಹೆಚ್ಚು ವರ್ಷ ತಾವು ಅಲ್ಲಿಯೇ ಕುಳಿತು ಅರಸೀಕೆರೆಗೆ ಹೋಗಿ ಬಂದಿರುವುದಾಗಿ ಅತ್ತೆಯವರು ಕನ್ನಡದಲ್ಲಿ ತಿಳಿಸಿದರು. ಆದರೆ ಈ ಗಾಡಿಗೆ ಮಾವನವರ ಒಪ್ಪಿಗೆ ಸಿಗಲಿಲ್ಲ. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿ ಏರಿದಂತೆಲ್ಲ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ, ಇಲ್ಲಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿಯಲ್ಲಿ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಕುದುರೆಗಳಲ್ಲಿ ಮೂರನೇ ಒಂದು ಪಾಲು ಲಾಯದಲ್ಲಿಯೇ ಉಳಿದಿರುತ್ತವೆ, ಎಳೆಯುವ ಭಾರ ಮಾತ್ರ ಪೂರ್ತಿಯಾಗಿ ಬಂದಿರುತ್ತದೆ.

ಡೀಸೆಲ್ಲಿನ ಮಹಿಮೆ ಅಶ್ವಶಕ್ತಿಯಲ್ಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗಲೇ. ಕಮಿನ್ಸ್ ಕಂಪನಿಯ 6.7 ಲೀಟರಿನ ಎಂಜಿನ್ ಹೊತ್ತ ಗಾಡಿಯ ಅಶ್ವಶಕ್ತಿ 360. ಪೆಟ್ರೋಲಿನದಕ್ಕಿಂತ ಹತ್ತೇ ಹೆಚ್ಚು. ಆದರೆ ಟಾರ್ಕ್, ಅಂದರೆ ನಿಂತ ಭಾರವನ್ನು ಕದಲಿಸಿ ಏರಿಗೆ ಎಳೆದೊಯ್ಯುವ ತಿರುಚು ಬಲ, ಅಲ್ಲಿ 468 ಪೌಂಡ್-ಅಡಿ ಇದ್ದರೆ ಇಲ್ಲಿ 800, ಅದೂ ಎಂಜಿನ್ ಕಿರುಚದೆ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುತ್ತದೆ. ಟರ್ಬೊ ಇರುವುದರಿಂದ ಎತ್ತರದ ತೆಳುಗಾಳಿಯ ಕಾಟವೂ ಕಡಿಮೆ. ಎಂಜಿನ್ ಇರುವುದು ಹಿಂಭಾಗದಲ್ಲಿ. "ಇದು ನಮ್ಮ ಐರಾವತವೇ ಕಣ್ರೀ, ಸೀಟು ತೆಗೆದು ಮಂಚ ಹಾಕಿದ್ದಾರೆ" ಎಂದು ಮಾವನವರು ವೋಲ್ವೊ ಬಸ್ಸುಗಳನ್ನು ನೆನೆದು ಹಿಂಬದಿಯ ಮುಚ್ಚಳ ತೆಗೆಸಿ, ಅರ್ಧ ದೇಹವನ್ನು ಒಳಗಿಟ್ಟು, ಬಹಳ ಹೊತ್ತು ಹೊರಬರಲಿಲ್ಲ.

ಹಾಗೆಂದು ಡೀಸೆಲ್ ಎಂದೊಡನೆ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಅದೇ ಅಂಗಳದ ಮೊದಲನೆಯ ದೊಡ್ಡ ಡೀಸೆಲ್ ಗಾಡಿಯ ಹಿಚ್ಚು 10,000 ಪೌಂಡಿನದು, ಆದರೆ ಚೀಟಿಯ ಮೇಲಿನ 33,000ದಲ್ಲಿ 27,910 ಕಳೆದರೆ ಉಳಿದದ್ದು 5,090. ಹಿಚ್ಚು ಹೇಳುವುದು ತನ್ನ ಕಬ್ಬಿಣದ ಗಟ್ಟಿತನವನ್ನು ಮಾತ್ರ. ಎಳೆದು ನಿಲ್ಲಿಸಬೇಕಾದ ಗಾಡಿಯ ಅಭಿಪ್ರಾಯವನ್ನು ಅದು ಕೇಳಿರುವುದಿಲ್ಲ. ಕೊನೆಗೆ 42,000ದಲ್ಲಿ 32,000 ಕಳೆದು ಪೂರ್ತಿ 10,000 ಉಳಿಯುವ, ಒಬ್ಬ ಮಾಲೀಕರ ಕೈ ದಾಟಿದ, 37 ಅಡಿಯ ಗಾಡಿಯೊಂದು ಸಿಕ್ಕಿತು. ಅದರ ಪರದೆಗಳ ಬಣ್ಣ ಯಾರಿಗೂ ಹಿಡಿಸಲಿಲ್ಲ. ಉಳಿದ ಸಂಖ್ಯೆ ಎಲ್ಲರಿಗೂ ಹಿಡಿಸಿತು.

ಪರೀಕ್ಷಾರ್ಥ ಓಡಾಟಕ್ಕೆ ಪರ್ವತದ ಹೆದ್ದಾರಿಯೇ ಆಗಬೇಕೆಂದು ಮಾವನವರು ಪಟ್ಟುಹಿಡಿದರು. ಶಿರಾಡಿ ಘಾಟಿ ಹತ್ತಿಳಿಯುವ ಬಸ್ಸುಗಳನ್ನು ರಿಪೇರಿ ಮಾಡಿದವರಿಗೆ, ಹತ್ತುವ ಶಕ್ತಿಗಿಂತ ಇಳಿಯುವ ಶಿಸ್ತು ದೊಡ್ಡದು. ಏರಿನಲ್ಲಿ ಗಾಡಿ ಗುರುಗುಟ್ಟದೆ ಹತ್ತಿತು. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕಿನ ಗುಂಡಿ ಒತ್ತಿದೊಡನೆ ಹೊಗೆ ಹೊರಹೋಗುವ ದಾರಿ ಕಿರಿದಾಗಿ, ಎಂಜಿನ್ನೇ ಹಿಂದಿನಿಂದ ಹಿಡಿದುಕೊಂಡು, ಗೇರು ತಾನಾಗಿ ಕೆಳಗಿಳಿದು, ನಾನು ಬ್ರೇಕ್ ಪೆಡಲನ್ನು ಹೆಚ್ಚು ಮುಟ್ಟದೆಯೇ ವೇಗ ಹತೋಟಿಯಲ್ಲಿ ಉಳಿಯಿತು. ಹಿಂದಿನಿಂದ ಮೂರು ಟನ್ನು ತಳ್ಳುತ್ತಿರುವಾಗ ಈ ಒಂದು ಸೌಕರ್ಯಕ್ಕಾಗಿಯೇ ಡೀಸೆಲ್ ಕೊಳ್ಳಬಹುದೆಂದು ನನ್ನ ಅಭಿಪ್ರಾಯ. ಡೆನ್ವರಿನ ಸಮೀಪ, ಇಳಿಜಾರು ಮುಗಿಯಿತೆಂದು ಲಾರಿಯವರು ಮೋಸಹೋಗಬಾರದು, ಇನ್ನೂ ನಾಲ್ಕು ಮೈಲಿ ಇದೆ ಎಂದು ಎಚ್ಚರಿಸುವ ಹಳದಿ ಫಲಕವೊಂದಿದೆ. ಅದನ್ನು ಓದಿ ಮಾವನವರು "ಈ ಇಲಾಖೆಯಲ್ಲಿ ಯಾರೋ ತಿಳಿದವರಿದ್ದಾರೆ" ಎಂದು ಮೆಚ್ಚಿದರು. ಅದೇ ತಿರುವಿನಲ್ಲಿ ಅಡುಗೆಮನೆಯ ಎಲ್ಲ ಖಾನೆಗಳೂ ಒಟ್ಟಿಗೆ ತೆರೆದುಕೊಂಡು, ನಾವು ಬುತ್ತಿ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಮಾರಾಟಗಾರನ ಬೂಟುಗಳ ಮೇಲೆ ಬಿತ್ತು. ಆತ ಬೆಲೆಯಲ್ಲಿ ಅಲ್ಪಸ್ವಲ್ಪ ಇಳಿದದ್ದು ನಮ್ಮನ್ನು ಬೇಗ ಕಳುಹಿಸಿಬಿಡುವ ಆತುರಕ್ಕೆ ಇರಬಹುದು.

ಕೊಂಡ ಮೇಲೆ ಪೂಜೆಯ ಪ್ರಶ್ನೆ ಎದ್ದಿತು. ವಾಹನವಾದರೆ ಚಕ್ರದ ಕೆಳಗೆ ನಿಂಬೆಹಣ್ಣು, ಮನೆಯಾದರೆ ಹಾಲುಕ್ಕಿಸಬೇಕು. ಅತ್ತೆಯವರು ಎರಡನ್ನೂ ಮಾಡಿದರು. ಆರು ಚಕ್ರಕ್ಕೂ ಟ್ರೇಲರಿನ ನಾಲ್ಕಕ್ಕೂ ನಿಂಬೆಹಣ್ಣಾಯಿತು. ಹಾಲು ಶಾಸ್ತ್ರೋಕ್ತವಾಗಿ ಪೂರ್ವ ದಿಕ್ಕಿಗೇ ಉಕ್ಕಿ ಒಲೆಯ ಮೇಲೆ ಸೀದು, ಹೊಗೆಯ ಅಲಾರಾಂ ಹೊಡೆದುಕೊಂಡು, ಪಕ್ಕದ ಮನೆಯ ಮುದುಕರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದು, ಕಾಫಿ ಕುಡಿದು ಹೋದರು.

ಸಾಮಾನು ಹೇರುವಾಗ ಕಳೆಯುವ ಲೆಕ್ಕ ಮತ್ತೆ ಮೇಲೆದ್ದಿತು. ನೂರು ಗ್ಯಾಲನ್ ನೀರು ತುಂಬಿದರೆ ಅದೇ 834 ಪೌಂಡು. ಸೋನಾ ಮಸೂರಿಯ ಇಪ್ಪತ್ತು ಪೌಂಡಿನ ಚೀಲಗಳು, ರುಬ್ಬುವ ಗ್ರೈಂಡರು, ಅಮೆರಿಕದಲ್ಲಿ ಸಿಗದೇಹೋದರೆ ಎಂಬ ಭಯಕ್ಕೆ ಹಾಸನದಿಂದ ಬಂದ ಈಳಿಗೆಮಣೆ. ಇದರ ಮೇಲೆ ಟ್ರೇಲರಿನ ಮೂತಿಯ ಭಾರ: ಎಳೆಯುವ ತೂಕದ ಶೇಕಡಾ 10ರಿಂದ 15ರಷ್ಟು ಹಿಚ್ಚಿನ ಮೇಲೆ ಕೂರಬೇಕು, ಅಂದರೆ ನಮ್ಮದರಲ್ಲಿ 650ರಿಂದ 975 ಪೌಂಡು, ಅದೂ ಗಾಡಿಯ ಹೊರೆಗೇ ಸೇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಟ್ರೇಲರು ಹಾವಿನಂತೆ ಹೊಯ್ದಾಡುತ್ತದೆ. ಹೆಚ್ಚಾದರೆ ಹಿಂದಿನ ಅಚ್ಚಿನಿಂದ ಬಹಳ ಆಚೆಗಿರುವ ಹಿಚ್ಚು ಸನ್ನೆಗೋಲಾಗಿ ಗಾಡಿಯ ಮೂತಿಯನ್ನು ಎತ್ತುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಇಳಿಸುವುದು ಸುಲಭವಾಗಲೆಂದು ಕಾರನ್ನು ಹಿಮ್ಮುಖವಾಗಿ ಹತ್ತಿಸುವ ಸಲಹೆಯನ್ನು ಮಗಳು ಕೊಟ್ಟಳು. ಕಾರಿನ ಎಂಜಿನ್ ಟ್ರೇಲರಿನ ಬಾಲಕ್ಕೆ ಹೋದರೆ ಮೂತಿಯ ಭಾರ ಕಡಿಮೆಯಾಗುತ್ತದೆಂದು ಮಾವನವರು ಅವಳಿಗೆ ಪೆನ್ನು, ರಬ್ಬರು ಮತ್ತು ಎರಡು ಚಕ್ಕುಲಿಗಳ ಸಹಾಯದಿಂದ ವಿವರಿಸಿದರು. ವಿವರಣೆ ಮುಗಿಯುವ ಮೊದಲೇ ಅವಳು ಟ್ರೇಲರಿನ ಚಕ್ರಗಳನ್ನು ತಿಂದುಬಿಟ್ಟಿದ್ದಳು.

ಹೆದ್ದಾರಿಯ ಬದಿಯ ಲಾರಿ ನಿಲ್ದಾಣದ ತೂಕದ ಕಟ್ಟೆಯಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರು ಮೂರನ್ನೂ ಪ್ರತ್ಯೇಕವಾಗಿ ತೂಗಿ ಚೀಟಿ ಕೊಡುತ್ತಾರೆ. ಪ್ರಯಾಣಿಕರ ತೂಕವೂ ಸೇರುತ್ತದೆಂದು ತಿಳಿದದ್ದೇ ತಡ, "ನನ್ನ ತೂಕವನ್ನೂ ಬರೆದುಕೊಡುತ್ತಾರೇನೇ?" ಎಂದು ತಮ್ಮ ಮಗಳನ್ನು ಕೇಳಿ ಅತ್ತೆಯವರು ಕೆಳಗಿಳಿಯಲು ಹೊರಟರು. ಯಾರದ್ದೂ ಬಿಡಿಬಿಡಿಯಾಗಿ ಬರುವುದಿಲ್ಲ, ಗ್ರೈಂಡರಿನ ಜೊತೆಗೇ ಬರುತ್ತದೆ ಎಂದು ಸಮಾಧಾನ ಹೇಳಿ ಕೂರಿಸಬೇಕಾಯಿತು. ಎಲ್ಲ ಅಂಕಿಗಳೂ ಮಿತಿಯೊಳಗಿದ್ದವು. ಮಾವನವರು ಚೀಟಿಯನ್ನು ಮಡಿಸಿ ಪಾಸ್‌ಪೋರ್ಟಿನೊಳಗಿಟ್ಟುಕೊಂಡರು.

ಡೀಸೆಲ್ ಹಾಕಿಸುವಾಗ ಪಕ್ಕದಲ್ಲೇ ನೀಲಿ ಮುಚ್ಚಳದ ಇನ್ನೊಂದು ಬಾಯಿ ಕಂಡು ಅದೇನೆಂದು ಅವರು ವಿಚಾರಿಸಿದರು. ಹೊಗೆಯ ವಿಷವನ್ನು ಕಡಿಮೆ ಮಾಡಲು ಹಾಕುವ ದ್ರವ, ಅದರಲ್ಲಿ ಶೇಕಡಾ 32.5 ಯೂರಿಯಾ ಎಂದೆ. "ಗದ್ದೆಗೆ ಹಾಕುವ ಯೂರಿಯಾವೇ? ನಮ್ಮಲ್ಲಿ ಒಂದು ಮೂಟೆಗೆ ಸೊಸೈಟಿಯ ಮುಂದೆ ಬೆಳಗ್ಗಿನಿಂದ ಸಾಲು ನಿಲ್ಲುತ್ತಾರೆ, ನೀವು ಬಸ್ಸಿಗೆ ಕುಡಿಸುತ್ತೀರಲ್ಲ" ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಭಾರತದ ಹೊಸ ಡೀಸೆಲ್ ಬಸ್ಸುಗಳೂ ಈಗ ಇದನ್ನೇ ಕುಡಿಯುತ್ತವೆಂದು ಹೇಳಿದ್ದಕ್ಕೆ, ತಾವು ಸಕಾಲದಲ್ಲಿ ನಿವೃತ್ತರಾದದ್ದು ಒಳ್ಳೆಯದಾಯಿತೆಂದರು.

ಕ್ಯಾಂಪ್‌ಗ್ರೌಂಡಿನಲ್ಲಿ ಹಿಂದಕ್ಕೆ ತೆಗೆಯುವ ಪ್ರಸಂಗ ಬಂದಾಗ ಅವರು ಜೇಬಿನಿಂದ ಪೀಪಿ ತೆಗೆದರು. ಟ್ರೇಲರು ಕಟ್ಟಿದ ಗಾಡಿಯನ್ನು ಹಿಂದಕ್ಕೆ ಬಿಡುವಾಗ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ, ಬುದ್ಧಿಗೆ ಗೊತ್ತಿರುವುದು ಕೈಗೆ ತಿಳಿಯುವುದಿಲ್ಲ. ಒಂದು ಊದಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು ಎಂಬುದು ಒಪ್ಪಂದ. ಅವರು ಒಂದು ಉದ್ದನೆಯ ಪೀಪಿ ಊದಿದರು. ನಾನು ನಿಂತೆ, ನನ್ನ ಹಿಂದೆ ಬರುತ್ತಿದ್ದ ಪಿಕಪ್ ನಿಂತಿತು, ಸೈಕಲ್ ತುಳಿಯುತ್ತಿದ್ದ ಇಬ್ಬರು ಮಕ್ಕಳು ನಿಂತರು, ಮೂರು ನಾಯಿಗಳು ಮಾತ್ರ ಓಡಿಬಂದು ಮಾವನವರ ಸುತ್ತ ಶಿಸ್ತಾಗಿ ಕುಳಿತವು. ಮತ್ತೆ ಎರಡು ಊದುವವರೆಗೂ ಯಾರೂ ಕದಲಲಿಲ್ಲ.

ಆ ರಾತ್ರಿ ಹಾಸನದ ಹಳೆಯ ಸಹೋದ್ಯೋಗಿಗಳಿಗೆ ವಿಡಿಯೊ ಕರೆಯಲ್ಲಿ ಗಾಡಿಯನ್ನು ಒಂದು ಸುತ್ತು ತೋರಿಸಿದರು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಕೆ.ಎಂ.ಪಿ.ಎಲ್. ಎಷ್ಟು ಬರುತ್ತದೆ ಸಾರ್?" ಗ್ಯಾಲನ್ನಿಗೆ ಏಳು ಮೈಲಿ ಎಂದು ನಾನು ಹೇಳಿದೆ. ಮಾವನವರು ಕಾಗದದ ಮೇಲೆ ಪರಿವರ್ತಿಸಿ ನೋಡಿದರು. ಲೀಟರಿಗೆ ಮೂರು ಕಿಲೋಮೀಟರೂ ಪೂರ್ತಿಯಾಗಿ ಬರಲಿಲ್ಲ. "ಐವತ್ತು ಜನರನ್ನು ಕೂರಿಸಿಕೊಂಡು ನಮ್ಮ ಬಸ್ಸು ಐದರ ಹತ್ತಿರ ಕೊಡುತ್ತದೆ. ಇಲ್ಲಿ ಐದು ಜನಕ್ಕೆ ಮೂರೂ ಇಲ್ಲ" ಎಂದು ಫೋನಿಗೆ ವರದಿ ಒಪ್ಪಿಸಿ, ಅತ್ತಲಿನ ಸಲಹೆಯನ್ನು ಗಂಭೀರವಾಗಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಬೇಸರ ಮಾಡಿಕೊಳ್ಳಬೇಡಿ. ಡ್ರೈವರಿಗೆ ಮೆಮೊ ಕೊಡಬೇಕೆಂದು ಎಲ್ಲರ ಅಭಿಪ್ರಾಯ."