ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಂಡವರ ಮೇಲೆ ಏಕೆ ಈ ಹಗೆ?

ಗೇಮ್ ಆಡಲೆಂದು ಒಂದು ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರಗಳನ್ನು ಮೂಡಿಸುವ ಬಿಡಿಭಾಗ) ಹಾಕಿಸಲು ಹೋದವರು ಇಡೀ ಕಂಪ್ಯೂಟರನ್ನೇ ಬದಲಾಯಿಸಬೇಕಾದ ಸ್ಥಿತಿಯನ್ನು ತಂದವರು ಯಾರು? ದೊಡ್ಡ ಹೆಸರಿನ ಕಂಪನಿಗಳೇ. ಗೊತ್ತಿಲ್ಲದೆ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಬಹಳ ದಿನದಿಂದ ನುಂಗಿಕೊಂಡಿದ್ದ ಸಿಟ್ಟನ್ನು ಇನ್ನು ನುಂಗಲಾರೆ.

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಕ್ಕ, ಭಾವ ಕಂತಿನ ಮೇಲೆ ಅವನಿಗೊಂದು ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಡಿಸಿದರು. ಐ5-12400 ಪ್ರೊಸೆಸರ್, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಮಳಿಗೆಯವರು ಆಗ ಹೇಳಿದ ಮಾತು ಅಕ್ಕನಿಗೆ ಇಂದಿಗೂ ಬಾಯಿಪಾಠ: "ಈಗ ಓದಿಗೆ ಇಷ್ಟು ಸಾಕು. ಮುಂದೆ ಗೇಮ್ ಆಡಬೇಕೆಂದರೆ ಒಂದು ಕಾರ್ಡ್ ಹಾಕಿಸಿಕೊಂಡರಾಯಿತು, ಅದನ್ನು ಸಿಕ್ಕಿಸಲು ಸ್ಲಾಟ್ ಇದೆ." ಆ ಮಾತನ್ನು ನಂಬಿ ಹುಡುಗ ಸಂಜೆ ಹೊತ್ತು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕಾರ್ಡಿಗೆಂದು ದುಡ್ಡು ಕೂಡಿಸಿದ. ಕೂಡಿಸಿದ ಮೇಲೆ ನನಗೆ ಫೋನ್ ಮಾಡಿ, "ಮಾಮ, ಯಾವ ಕಾರ್ಡ್ ಕೊಳ್ಳಲಿ?" ಎಂದು ಕೇಳಿದ.

ಮುಚ್ಚಳ ತೆಗೆದು ನೋಡಿದರೆ, ಒಳಗಿನ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಮೇಲೆ 180 ವ್ಯಾಟ್ ಎಂದು ಅಚ್ಚಾಗಿದೆ. ಇಂಟೆಲ್ ಕೊಟ್ಟಿರುವ ಲೆಕ್ಕದಂತೆ ಆ ಪ್ರೊಸೆಸರ್ ಒಂದೇ ಪೂರ್ತಿ ವೇಗದಲ್ಲಿ ಓಡುವಾಗ 117 ವ್ಯಾಟ್‌ವರೆಗೆ ಎಳೆಯುತ್ತದೆ. ಮಿಕ್ಕಿದ್ದರಲ್ಲಿ ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲವೂ ನಡೆಯಬೇಕು. ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬೇರೊಂದು ತಂತಿ ಬರಬೇಕು. ಹುಡುಗ ಆಸೆಪಟ್ಟದ್ದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಕಾರ್ಡಿಗೆ. ಅದಕ್ಕೆ 115 ವ್ಯಾಟ್ ಬೇಕು, 550 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ಎನ್‌ವಿಡಿಯಾ ಹೇಳುತ್ತದೆ. ಈ ಪೆಟ್ಟಿಗೆಯಲ್ಲಿ ಆ ತಂತಿಯೇ ಇಲ್ಲ. ಹೋಗಲಿ, ಸ್ಲಾಟಿನ ವಿದ್ಯುತ್ತಿನಲ್ಲೇ ಓಡುವ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ಹಾಕೋಣವೆಂದರೆ, 117ಕ್ಕೆ 70 ಸೇರಿ 187. ಅಲ್ಲಿಗೇ 180ರ ಗೆರೆ ದಾಟಿತು. ಹಾಗಿದ್ದ ಮೇಲೆ ಸ್ಲಾಟ್ ತೋರಿಸಿ ಮಾರಿದ್ದು ಯಾವ ನ್ಯಾಯ?

ಎಸ್‌ಎಂಪಿಎಸ್ ಬದಲಿಸಿದರೆ ಮುಗಿಯಿತಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ, ಕೇಳಿ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾನದಂಡವನ್ನು ತಂದಿತು. ಬೋರ್ಡಿನ ಸ್ಕ್ರೂ ಎಲ್ಲಿ ಬರಬೇಕು, ಎಸ್‌ಎಂಪಿಎಸ್ ಎಷ್ಟು ದೊಡ್ಡದಿರಬೇಕು, ಅದರ ಪ್ಲಗ್ ಹೇಗಿರಬೇಕು ಎಂಬುದೆಲ್ಲ ಅಲ್ಲಿಂದ ತೀರ್ಮಾನವಾಯಿತು. ಒಬ್ಬರ ಬೋರ್ಡಿಗೆ ಇನ್ನೊಬ್ಬರ ಎಸ್‌ಎಂಪಿಎಸ್, ಮತ್ತೊಬ್ಬರ ಕ್ಯಾಬಿನೆಟ್ ಹೊಂದುತ್ತಿರುವುದು ಆ ಒಪ್ಪಂದದಿಂದ. ಬೀದಿಬೀದಿಯ ಅಂಗಡಿಯವರು ಅಸೆಂಬಲ್ಡ್ ಕಂಪ್ಯೂಟರ್ ಜೋಡಿಸಿ ಬದುಕು ಕಟ್ಟಿಕೊಂಡದ್ದೂ ಅದರಿಂದಲೇ. ನಮ್ಮ ಹುಡುಗನ ಪೆಟ್ಟಿಗೆಯಲ್ಲಿ ಆ ಒಪ್ಪಂದದ ಗುರುತೇ ಇಲ್ಲ. ಬೋರ್ಡಿಗೆ ಹೋಗುವ 24 ಪಿನ್ನಿನ ಪ್ಲಗ್ ಇರಬೇಕಾದ ಕಡೆ ಆ ಕಂಪನಿಯದೇ ಆದ ಸಣ್ಣ ಪ್ಲಗ್. ಎಸ್‌ಎಂಪಿಎಸ್‌ನ ಅಳತೆಯೂ ಬೇರೆ. ಹೊರಗಿನದು ಆ ಜಾಗದಲ್ಲಿ ಕೂರುವುದಿಲ್ಲ. ಹಾಗಾದರೆ ಬೋರ್ಡನ್ನೂ ಬದಲಿಸಬೇಕು. ಆದರೆ ಬೋರ್ಡಿನ ಹಿಂಬದಿಯ ಕಿಂಡಿಗಳನ್ನು ಕ್ಯಾಬಿನೆಟ್ಟಿನ ತಗಡಿನಲ್ಲೇ ಕೊರೆದಿದ್ದಾರೆ, ಪವರ್ ಬಟನ್ನಿನ ತಂತಿಯೂ ಅವರದೇ ನಮೂನೆ. ಆದ್ದರಿಂದ ಕ್ಯಾಬಿನೆಟ್ಟೂ ಹೋಯಿತು. ಗ್ಯಾಸ್ ಒಲೆ ಬದಲಿಸಲು ಅಡುಗೆಮನೆಯ ಗೋಡೆಯನ್ನೇ ಕೆಡವು ಎಂದರೆ ಹೇಗಿರುತ್ತದೆ, ಹಾಗಿದೆ ಇದು.

ವಿದ್ಯುತ್ ಉಳಿಸಲು ಹೀಗೆ ಮಾಡಿದ್ದೇವೆ ಎಂಬ ಸಮಜಾಯಿಷಿ ಇವರ ಬಳಿ ಸಿದ್ಧವಾಗಿರುತ್ತದೆ. ಹಲವು ವೋಲ್ಟೇಜ್‌ಗಳ ಬದಲು 12 ವೋಲ್ಟ್ ಒಂದನ್ನೇ ಕೊಡುವ, ಸಣ್ಣ ಪ್ಲಗ್ಗಿನ ಇಂಥ ಎಸ್‌ಎಂಪಿಎಸ್ ಸುಮ್ಮನಿರುವಾಗ ಕಡಿಮೆ ವಿದ್ಯುತ್ ಪೋಲು ಮಾಡುತ್ತದೆ ಎಂಬುದು ನಿಜ, ಒಪ್ಪುತ್ತೇನೆ. ಆದರೆ ಅದಕ್ಕೂ ಇಂಟೆಲ್ ಎಟಿಎಕ್ಸ್12ವಿಒ ಎಂಬ ಬಹಿರಂಗ ಮಾನದಂಡವನ್ನು ಪ್ರಕಟಿಸಿದೆ, 10 ಪಿನ್ನಿನ ಪ್ಲಗ್ ಗೊತ್ತುಮಾಡಿದೆ. ಉಳಿತಾಯವೇ ಉದ್ದೇಶವಾಗಿದ್ದರೆ ಅದನ್ನು ಬಳಸಲು ಅಡ್ಡಿಯೇನಿತ್ತು? ಒಬ್ಬೊಬ್ಬರೂ ತಮ್ಮದೇ ಪ್ಲಗ್ ಮಾಡಿಕೊಂಡರೆ ಉಳಿಯುವುದು ವಿದ್ಯುತ್ತಲ್ಲ, ಅವರ ಮುಂದಿನ ವ್ಯಾಪಾರ. ಇನ್ನೂ ಮುಂದೆ ಹೋದವರಿದ್ದಾರೆ: ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ರೈಜನ್ ಪ್ರೊ ಪ್ರೊಸೆಸರ್ ಇರುವ ಕೆಲವು ಯಂತ್ರಗಳಲ್ಲಿ ಭದ್ರತೆಯ ಹೆಸರಿನಲ್ಲಿ ಪ್ರೊಸೆಸರನ್ನೇ ತಮ್ಮ ಕಂಪನಿಗೆ ಶಾಶ್ವತವಾಗಿ ಬಂಧಿಸಿಬಿಡುತ್ತಾರೆ. ಅದನ್ನು ಬಿಚ್ಚಿ ಬೇರೆ ಕಂಪನಿಯ ಬೋರ್ಡಿಗೆ ಹಾಕಿದರೆ ಕಂಪ್ಯೂಟರ್ ಏಳುವುದೇ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ಸಿಗದ ಬಿಡಿಭಾಗವಿಲ್ಲ ಎಂಬ ನಂಬಿಕೆ ನನ್ನದು. ಹಳೆಯ ಅಂಗಡಿಯವರೊಬ್ಬರು ಪ್ಲಗ್ಗಿನ ಚಿತ್ರ ನೋಡಿ, "ಕನ್ವರ್ಟರ್ ತಂತಿ ಕೊಡಬಲ್ಲೆ ಸರ್, ಆದರೆ ಎಸ್‌ಎಂಪಿಎಸ್ಸನ್ನು ಕ್ಯಾಬಿನೆಟ್ಟಿನ ಹೊರಗೇ ಇಡಬೇಕಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಿ ಎಂದು ನಾನು ಹೇಳುವುದಿಲ್ಲ" ಎಂದರು. ಮಾರಿ ದುಡ್ಡು ಎಣಿಸಿಕೊಳ್ಳಬಹುದಿತ್ತು, ಎಣಿಸಿಕೊಳ್ಳಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನವರು ಮಾತ್ರ ಎರಡೇ ವಾಕ್ಯದಲ್ಲಿ ಮುಗಿಸಿದರು: ಈ ಮಾದರಿಗೆ ಹೆಚ್ಚಿನ ವ್ಯಾಟಿನ ಎಸ್‌ಎಂಪಿಎಸ್ ಬರುವುದಿಲ್ಲ, ಹೊರಗಿನದು ಹಾಕಿದರೆ ವಾರಂಟಿ ಇಲ್ಲ.

ವಾರಂಟಿ! ಈ ಒಂದು ಮಾತನ್ನು ಹಿಡಿದುಕೊಂಡು ತಂದೆತಾಯಿಯರನ್ನು ಎಷ್ಟು ಹೆದರಿಸಿದ್ದಾರೆ. ಅಸೆಂಬಲ್ಡ್ ಎಂದರೆ ಹೇಳುವವರಿಲ್ಲ ಕೇಳುವವರಿಲ್ಲ ಎಂಬಂತೆ ಮಾತನಾಡುತ್ತಾರೆ. ಬಿಡಿಯಾಗಿ ಕೊಂಡ ಇಂಟೆಲ್ ಪ್ರೊಸೆಸರಿಗೆ 3 ವರ್ಷ ವಾರಂಟಿ ಇದೆ. ಒಳ್ಳೆಯ ಎಸ್‌ಎಂಪಿಎಸ್‌ಗೆ 5 ವರ್ಷ, ಕೆಲವಕ್ಕೆ 10 ವರ್ಷ ಇದೆ. ಅಕ್ಕ ಕೊಂಡ ಇಡೀ ಯಂತ್ರಕ್ಕೆ ಇದ್ದದ್ದು ಒಂದೇ ವರ್ಷ. ಬ್ಯಾಂಕಿನ ಶಾಖೆಗೋ ತಾಲ್ಲೂಕು ಕಚೇರಿಗೋ ಬ್ರ್ಯಾಂಡೆಡ್ ಯಂತ್ರವೇ ಸರಿ. ಅಲ್ಲಿ ಕೆಟ್ಟರೆ ಮರುದಿನ ಮನುಷ್ಯ ಬಂದು ರಿಪೇರಿ ಮಾಡಬೇಕು, ಗೇಮ್ ಆಡುವವರು ಯಾರೂ ಇಲ್ಲ. ಅದೇ ಕಚೇರಿ ಯಂತ್ರವನ್ನು ವಿದ್ಯಾರ್ಥಿಗೆ "ಮುಂದೆ ಬೆಳೆಸಿಕೊಳ್ಳಬಹುದು" ಎಂದು ಹೇಳಿ ಮಾರುವುದು ಮೋಸ. ಇದಕ್ಕೆ ಬೇರೆ ಮೃದುವಾದ ಪದ ಹುಡುಕಲು ನನಗೆ ಮನಸ್ಸಿಲ್ಲ.

ಬೋರ್ಡ್ ಬದಲಿಸಿದರೆ ವಿಂಡೋಸ್ ಕೂಡ ಹೋಗುತ್ತದೆ. ಯಂತ್ರದೊಂದಿಗೆ ಬಂದ ಪರವಾನಗಿ ಆ ಬೋರ್ಡಿಗೇ ಸೇರಿದ್ದು. ಅದರ ಬೆಲೆಯನ್ನೂ ಅಕ್ಕ ಕಂತಿನಲ್ಲಿ ಕಟ್ಟಿದ್ದಾಳೆ.

"ಹಾಗಾದರೆ ಹೊಸದನ್ನೇ ಜೋಡಿಸಿಕೊಳ್ಳಲಿ" ಎನ್ನುವವರು ಈಗ ರ್‍ಯಾಮ್ ಬೆಲೆ ಕೇಳಿಕೊಂಡು ಬರಲಿ. ಎಐ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜಿಗಿಯಿತು. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿಯಂತೂ ನಮ್ಮಂಥ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ಇರುವುದಕ್ಕೇ ಒಂದು ಕಾರ್ಡ್ ಸೇರಿಸಿ ನಾಲ್ಕು ವರ್ಷ ತಳ್ಳುವುದು ಮಧ್ಯಮ ವರ್ಗದ ಮನೆಗೆ ಹಿಂದೆಂದಿಗಿಂತ ಈಗ ಹೆಚ್ಚು ಅಗತ್ಯ. ಆ ದಾರಿಗೇ ಇವರು ಬೇಲಿ ಹಾಕಿದ್ದಾರೆ. ಹುಡುಗನ ಪ್ರೊಸೆಸರ್ ಚೆನ್ನಾಗಿದೆ, ಎಸ್‌ಎಸ್‌ಡಿ ಚೆನ್ನಾಗಿದೆ. ಕೆಡದ ಬೋರ್ಡು, ಕೆಡದ ಕ್ಯಾಬಿನೆಟ್ಟು, ಕೆಡದ ಎಸ್‌ಎಂಪಿಎಸ್ಸು ಗುಜರಿಗೆ ಹೋಗಬೇಕು.

ಸೀಲಿಂಗ್ ಫ್ಯಾನಿಗೆ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಫ್ಯಾನಿನ ವಿಷಯದಲ್ಲಿ ತಿಳಿಯುವ ಹಕ್ಕು ನಮಗಿದೆ, ಅದರ ಎಷ್ಟೋ ಪಟ್ಟು ಬೆಲೆಯ ಕಂಪ್ಯೂಟರಿನ ವಿಷಯದಲ್ಲಿ ಇಲ್ಲ. ಮಳಿಗೆಯಲ್ಲಿ ನೇತುಹಾಕಿದ ಫಲಕದಲ್ಲಿ ಪ್ರೊಸೆಸರ್ ಯಾವ ತಲೆಮಾರಿನದು ಎಂಬುದಿತ್ತು, ಜಿಬಿ ಲೆಕ್ಕವಿತ್ತು, ಕಂತಿನ ಮೊತ್ತವಂತೂ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿತ್ತು. ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು, ಪ್ಲಗ್ ಎಲ್ಲರದೋ ಕಂಪನಿಯದೋ ಎಂಬ ಒಂದು ಸಾಲು ಇರಲಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ಆರಂಭಿಸಿತು, ಒಳ್ಳೆಯದು. ಆದರೆ ಕೆಟ್ಟದ್ದನ್ನು ಸರಿಪಡಿಸಿಕೊಳ್ಳುವ ಹಕ್ಕು ಎಷ್ಟು ಮುಖ್ಯವೋ ಕೆಡದೇ ಇರುವುದನ್ನು ಬೆಳೆಸಿಕೊಳ್ಳುವ ಹಕ್ಕೂ ಅಷ್ಟೇ ಮುಖ್ಯ. ಎಸ್‌ಎಂಪಿಎಸ್‌ನ ವ್ಯಾಟ್, ಪ್ಲಗ್ಗಿನ ನಮೂನೆ ಎಂಬ ಆ ಎರಡು ಸಂಗತಿಗಳನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು ಕಾನೂನು ಮಾಡಿ. ಕನ್ನಡದಲ್ಲಿಯೂ ಮುದ್ರಿಸಿ, ಅಕ್ಕ ಓದಿಕೊಳ್ಳುತ್ತಾಳೆ.

ಅಕ್ಕ ಮಳಿಗೆಗೆ ಹೋಗಿ ಕೇಳಿದಾಗ ಅವರು ಕೊಟ್ಟ ಪರಿಹಾರವನ್ನೂ ಬರೆದುಬಿಡುತ್ತೇನೆ. ಹಳೆಯದನ್ನು ಅವರು ಹೇಳಿದ ಬೆಲೆಗೆ ಕೊಟ್ಟು, ಅದೇ ಕಂಪನಿಯ ಗೇಮಿಂಗ್ ಮಾದರಿಯನ್ನು ಹೊಸ ಕಂತಿನ ಮೇಲೆ ಒಯ್ಯಬೇಕಂತೆ. ಪ್ರದರ್ಶನಕ್ಕಿಟ್ಟಿದ್ದ ಆ ಯಂತ್ರದ ಪಕ್ಕದ ಗಾಜಿನಿಂದ ಹುಡುಗ ಚಿತ್ರ ತೆಗೆದು ಕಳುಹಿಸಿದ. ಎಸ್‌ಎಂಪಿಎಸ್ 500 ವ್ಯಾಟಿನದು. ಬೋರ್ಡಿಗೆ ಹೋಗುವ ಪ್ಲಗ್ ಮಾತ್ರ ಅದೇ, ಆ ಕಂಪನಿಯದ್ದೇ. ಬೇಡ ಎಂದು ಅಲ್ಲೇ ಹೇಳಿ ಬಾ ಎಂದೆ, ಹೇಳಿ ಬಂದಿದ್ದಾನೆ.