ಅರ್ಧಕ್ಕೆ ಬಿಟ್ಟವರ ಲೆಕ್ಕ ಯಾರ ಹತ್ತಿರ ಇದೆ?

ನಿನ್ನೆ ಸಂಜೆ ಪಕ್ಕದ ಮನೆಯವರು ಕಾಫಿಗೆ ಕರೆದಿದ್ದರು. (ಹೌದು, ಇನ್ನೂ ಅಮೆರಿಕದ ಹ್ಯೂಸ್ಟನ್‌ನಲ್ಲೇ ಇದ್ದೇನೆ. ಮೊಮ್ಮಗನ ಪರೀಕ್ಷೆ ಮುಗಿಯುವ ತನಕ ಮಗಳು ಬಿಡಲ್ಲ.) ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆ ಚರ್ಚ್‌ನವರ ಜೊತೆ ಜೈಲಿಗೆ ಹೋಗಿ ಪಾಠ ಮಾಡುತ್ತಾರೆ. ಬೈಬಲ್ ಅಷ್ಟೇ ಅಲ್ಲ, ಸಿಟ್ಟು ಬಂದಾಗ ಏನು ಮಾಡಬೇಕು, ಕೆಲಸಕ್ಕೆ ಅರ್ಜಿ ಹೇಗೆ ಬರೆಯಬೇಕು, ಎಲ್ಲ. ಪಾಠ ಮುಗಿಸಿದ ಕೈದಿಯೊಬ್ಬನ ಫೋಟೊ ತೋರಿಸಿದರು. ಬಿಳಿ ಅಂಗಿ, ಕುತ್ತಿಗೆ ತನಕ ಹಚ್ಚೆ, ದೈತ್ಯನಂಥ ಆಳು. ಮಡಿಕೆ ಬೀಳಬಾರದು ಅಂತ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಥೇಟ್ ನಮ್ಮ ಏಳನೇ ಕ್ಲಾಸಿನ ಹುಡುಗರ ಥರ. ಖುಷಿಯಾಯಿತು, ಸುಳ್ಳು ಹೇಳಲ್ಲ.

ಆಮೇಲೆ ಲೆಕ್ಕ ಶುರುವಾಯಿತು. ಎರಡಿದ್ದ ತರಗತಿ ಒಂಬತ್ತಾಗಿದೆಯಂತೆ. ಮುಗಿಸಿದವರಲ್ಲಿ ಮತ್ತೆ ಜೈಲು ಸೇರಿದವರು ಬೆರಳೆಣಿಕೆಯಂತೆ.

"ಅರ್ಧಕ್ಕೆ ಬಿಟ್ಟವರು?" ಅಂದೆ.

"ಅವರನ್ನು ನಾವು ಎಣಿಸುವುದಿಲ್ಲ."

ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೂ ಗಣಿತದ ಮೇಷ್ಟ್ರ ನಾಲಿಗೆ ಸುಮ್ನೆ ಇರುತ್ತಾ?

ಇದು ಹಳೇ ರೋಗ. ಇಲ್ಲೇ ಹತ್ತಿರದ ರಿಚ್ಮಂಡ್‌ನ ಕ್ಯಾರಲ್ ವಾನ್ಸ್ ಜೈಲಿನಲ್ಲಿ 1997ರಲ್ಲಿ ಕ್ರೈಸ್ತ ಸಂಸ್ಥೆ ಪ್ರಿಸನ್ ಫೆಲೋಶಿಪ್‌ನವರು ಇನ್ನರ್‌ಚೇಂಜ್ ಅನ್ನೋ, ಕೈದಿಗಳನ್ನು ತಿದ್ದುವ ಕಾರ್ಯಕ್ರಮ ಶುರು ಮಾಡಿದರು. ಸಂಸ್ಥೆ ಕಟ್ಟಿದ್ದು 1976ರಲ್ಲಿ ಚಾರ್ಲ್ಸ್ ಕೋಲ್ಸನ್. ಅಧ್ಯಕ್ಷ ನಿಕ್ಸನ್‌ಗೆ ಬಲಗೈ ಆಗಿದ್ದು, ವಾಟರ್‌ಗೇಟ್ ಗಲಾಟೆಯಲ್ಲಿ ಸಿಕ್ಕಿಬಿದ್ದು, ಏಳು ತಿಂಗಳು ತಾವೇ ಜೈಲೂಟ ಉಂಡು ಬಂದವರು. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಬಂತು. ಇನ್ನರ್‌ಚೇಂಜ್ ಮುಗಿಸಿದವರಲ್ಲಿ ಎರಡು ವರ್ಷದೊಳಗೆ ಮತ್ತೆ ಜೈಲಿಗೆ ಹೋದವರು ನೂರಕ್ಕೆ 8. ಅಂಥದೇ ಹಿನ್ನೆಲೆಯ ಬೇರೆ ಕೈದಿಗಳಲ್ಲಿ 20.3. ಭಾರಿ ಚಪ್ಪಾಳೆ!

ಈಗ ಹಾಳೆ ತಿರುಗಿಸಿ. ಸೇರಿದ್ದು 177 ಜನ. ಮುಗಿಸಿದ್ದು 75. ಸೇರಿದ ಎಲ್ಲರನ್ನೂ ಹಿಡಿದರೆ ಮತ್ತೆ ಜೈಲು ಸೇರಿದವರು ನೂರಕ್ಕೆ 24.3. ಸೇರದೇ ಇದ್ದವರೇ ಒಂದು ಕೈ ಮೇಲು! ಈ ಅಂಕಿಯೂ ಅದೇ ವರದಿಯಲ್ಲಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಓದುವವರು ಬೇಕಲ್ಲ. ಇನ್ನೊಂದು ತಮಾಷೆ ಏನು ಗೊತ್ತಾ? ಹೊರಗೆ ಬಂದ ಮೇಲೆ ಮೂರು ತಿಂಗಳು ಕೆಲಸದಲ್ಲಿ ನಿಂತರೆ ಮಾತ್ರ ಪಾಸು. ಕೆಲಸದಲ್ಲಿ ನಿಂತವನು ಜೈಲಿಗೆ ಯಾಕಪ್ಪಾ ಹೋಗ್ತಾನೆ?

"ಮತಾಂತರ" ಅಂತ ಕಾಮೆಂಟ್ ಹಾಕೋಕೆ ಕಾದು ಕೂತವರಿಗೆ: ಅಯೋವಾದಲ್ಲಿ ಇದೇ ಕಾರ್ಯಕ್ರಮ ಸರ್ಕಾರದ ದುಡ್ಡಲ್ಲಿ ನಡೆಯೋದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು 2006ರಲ್ಲೇ ಹೇಳಿಯಾಗಿದೆ. ನನ್ನ ಜಗಳ ಅದಲ್ಲ.

"ಇವರಾದರೂ ಹೋಗ್ತಾರಲ್ಲ ಅಪ್ಪ" ಅಂದಳು ಮಗಳು, ಮನೆಗೆ ಬರುತ್ತಾ. ನಿಜ. 1994ರಲ್ಲಿ ಕೈದಿಗಳಿಗೆ ಸಿಗುತ್ತಿದ್ದ ಪೆಲ್ ಅನುದಾನವನ್ನು (ಬಡವರ ಕಾಲೇಜು ಓದಿಗೆ ಸರ್ಕಾರ ಕೊಡುವ ದುಡ್ಡು) ಸರ್ಕಾರ ಕಿತ್ತುಕೊಂಡಿತು. ಕಾಲೇಜುಗಳು ಜೈಲಿನಿಂದ ಗಂಟುಮೂಟೆ ಕಟ್ಟಿದವು. ಮಾರನೇ ವರ್ಷ ಲೂಸಿಯಾನಾದ ಅಂಗೋಲಾ ಜೈಲಿಗೆ ಬಂದದ್ದು ನ್ಯೂ ಆರ್ಲಿಯನ್ಸ್‌ನ ಬ್ಯಾಪ್ಟಿಸ್ಟ್ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು. ಅನುದಾನ ಮತ್ತೆ ಪೂರ್ತಿ ಸಿಗುವಂತಾದದ್ದು 2023ರಲ್ಲಿ. ಹಾಗಾಗಿ ಹೋದವರಿಗೆ ಕೈ ಮುಗಿಯುತ್ತೇನೆ, ಅವರ ಲೆಕ್ಕಕ್ಕೆ ಮಾತ್ರ ಮುಗಿಯಲ್ಲ. ಬಿಟ್ಟುಹೋದ ನೂರೆರಡು ಜನರಲ್ಲಿ ಕೆಲವರಿಗೆ ಬೇಗ ಪೆರೋಲ್ (ಅವಧಿಗೆ ಮೊದಲೇ ಷರತ್ತಿನ ಬಿಡುಗಡೆ) ಸಿಕ್ಕಿತ್ತು. ಉಳಿದವರು? ಪಾಠ ಜಾಸ್ತಿ ಬೇಕಿದ್ದದ್ದು ಅವರಿಗೇ ಅಲ್ವಾ?

ಇಷ್ಟು ಸಿಟ್ಟು ಯಾಕೆ ಅಂದರೆ, ಈ ವಿದ್ಯೆ ನನಗೂ ಬರುತ್ತೆ.

ನಮ್ಮ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಬಂದ ವರ್ಷ ನೆನಪಿದೆಯಾ? ಗೇಟಿಗೆ ಬ್ಯಾನರ್ ಕಟ್ಟಿದ್ದೆವು, ನಿಮ್ಮಲ್ಲಿ ಕೆಲವರು ಪೇಡ ತಿಂದಿದ್ದೀರಿ. ಆ ವರ್ಷ ಗಣಿತದಲ್ಲಿ ಏಳು, ಒಂಬತ್ತು ತೆಗೆಯುತ್ತಿದ್ದ ಹುಡುಗ ಒಬ್ಬನಿದ್ದ. ಅಪ್ಪ ಇಲ್ಲ, ಬೆಳಗ್ಗೆ ಹಾಲು ಹಾಕಿ ಬರುತ್ತಿದ್ದ, ಮೊದಲ ಪೀರಿಯಡ್ ತಪ್ಪುತ್ತಿತ್ತು. ಹಾಜರಾತಿ ಕಮ್ಮಿ ಬಿತ್ತು, ಮನಸ್ಸು ಮಾಡಿದ್ದರೆ ಹೇಗೋ ಸರಿ ಮಾಡಬಹುದಿತ್ತು. ನಾನು ಸರಿ ಮಾಡಲಿಲ್ಲ. ಅವನ ತಾಯಿಯನ್ನು ಕರೆಸಿ, "ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿ ಅಮ್ಮ, ಅವನಿಗೇ ಒಳ್ಳೇದು" ಅಂದೆ. ಆಕೆ "ಆಯ್ತು ಸಾರ್, ನೀವು ಹೇಳಿದ ಹಾಗೆ" ಅಂದು, ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅವನು ಪರೀಕ್ಷೆ ಕಟ್ಟಿದನಾ? ನಾನು ಕೇಳಲಿಲ್ಲ.