ಚೀಲದಲ್ಲಿ ಹತ್ತು ರೂಪಾಯಿ ಜಾಸ್ತಿ

ಸರ್ಕಾರಿ ಬಸ್ಸಿನ ನೌಕರರಿಗೂ ಆಡಳಿತ ಮಂಡಳಿಗೂ ಆಗಿಬರೋದಿಲ್ಲ ಅಂತ ಯಾರು ಹೇಳಿದ್ದು? ಎಡೆಬಿಡದೆ ಪತ್ರ ವ್ಯವಹಾರ ನಡೆದಿದೆ. ಅತ್ತಲಿಂದ ಮೆಮೊ, ಇತ್ತಲಿಂದ ಸಮಜಾಯಿಷಿ. ಪ್ರೇಮಿಗಳೂ ಈಗ ಇಷ್ಟು ಬರೆದುಕೊಳ್ಳುವುದಿಲ್ಲ.

ಕಂಡಕ್ಟರ್ ಡ್ಯೂಟಿ ಶುರು ಮಾಡುವ ಮುಂಚೆ ತನ್ನ ಜೇಬಿನಲ್ಲಿ ಸ್ವಂತ ದುಡ್ಡು ಎಷ್ಟಿದೆ ಎಂದು ಬರೆದಿಡಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತುತ್ತಾರೆ. ಬ್ಯಾಗ್ ಬಿಚ್ಚಿಸಿ, ನೋಟು ಚಿಲ್ಲರೆ ಎಲ್ಲ ಎಣಿಸಿ, ಟಿಕೆಟ್ ಮಷಿನ್ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಕಡಿಮೆಯಿದ್ದರೆ ತಪ್ಪು, ಸರಿ. ಜಾಸ್ತಿ ಇದ್ದರೂ ತಪ್ಪು! ಟಿಕೆಟ್ ಹಿಂದೆ ಬರೆಸಿಕೊಂಡ ಹತ್ತು ರೂಪಾಯಿ ಮರೆತು ಯಾವನೋ ಪುಣ್ಯಾತ್ಮ ಇಳಿದುಹೋಗಿರುತ್ತಾನೆ, ಕೇಸು ಇವನ ಮೇಲೆ. ಹಿಂದಿನ ಸೀಟಿನ ಅಜ್ಜಿ ‘ಶಕ್ತಿ’ಯ ಸೊನ್ನೆ ರೂಪಾಯಿ ಟಿಕೆಟ್ ತಗೊಳ್ಳದೆ ತೂಕಡಿಸುತ್ತಿದ್ದರೂ ಉತ್ತರ ಹೇಳಬೇಕಾದವನು ಇವನೇ. ಸೊನ್ನೆಗೂ ಲೆಕ್ಕ ಕೊಡಬೇಕಾದ ನೌಕರಿ ಇನ್ನೊಂದಿದ್ದರೆ ತೋರಿಸಿ.

ಅತ್ತ ಕಡೆಯ ಲೆಕ್ಕ ಮಾತ್ರ ಸ್ವಲ್ಪ ಸಾವಕಾಶ. 2020ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆ 2023ರ ಮಾರ್ಚ್‌ನಲ್ಲಿ ಆಯಿತು, ಶೇ 15. ನಡುವೆ 2021ರ ಏಪ್ರಿಲ್‌ನಲ್ಲಿ ಎರಡು ವಾರದ ಮುಷ್ಕರ. ಅದಕ್ಕೆ ವಜಾ, ಅಮಾನತು, ವರ್ಗಾವಣೆ ಆದೇಶಗಳು ಮಾತ್ರ ಒಂದು ದಿನವೂ ತಡವಾಗಲಿಲ್ಲ. ಉಳಿದದ್ದು 38 ತಿಂಗಳ ಹಿಂಬಾಕಿ. ಕೇಳಿದರೆ ನಿಗಮ ‘ಸರ್ಕಾರ ಕೊಡಬೇಕು’ ಅನ್ನುತ್ತದೆ, ಸರ್ಕಾರ ‘ನಿಗಮದಲ್ಲಿ ದುಡ್ಡೆಲ್ಲಿದೆ’ ಅನ್ನುತ್ತದೆ. ಇಬ್ಬರ ಮಾತೂ ನಿಜ, ಅದೇ ಮಜಾ.

2025ರ ಆಗಸ್ಟ್ 4ರಂದು ವಿಧಾನಸೌಧದವರ ಜೊತೆ ಮಾತುಕತೆ. ನೌಕರರು 38 ತಿಂಗಳದ್ದು ಅಂದರು, ಸರ್ಕಾರ 14 ಅಂದಿತು. ಸಂತೆಯಲ್ಲಿ ಅವರೆಕಾಯಿ ಚೌಕಾಸಿ ಮಾಡುವವರೂ ಇಷ್ಟು ಕೆಳಗಿನಿಂದ ಶುರು ಮಾಡೋದಿಲ್ಲ. ಮರುದಿನ ಮುಷ್ಕರ. ಹೈಕೋರ್ಟ್ ಗದರಿತು, ಅವತ್ತೇ ಬಸ್ಸು ಹೊರಟವು. ಬಾಕಿ ಡಿಪೋದಲ್ಲೇ ಉಳಿಯಿತು.

ಸೌಹಾರ್ದ ಬೆಳೆಸಲು ಯೋಗ ಶಿಬಿರವೆಲ್ಲ ಸುಮ್ನೆ ಖರ್ಚು. ಚೆಕಿಂಗ್‌ನವರನ್ನೇ ಒಂದು ದಿನ ಶಾಂತಿನಗರದ ಕೇಂದ್ರ ಕಚೇರಿಗೆ, ಅಲ್ಲಿಂದ ವಿಧಾನಸೌಧಕ್ಕೆ ಕಳಿಸಿ. ‘ಸ್ವಲ್ಪ ಬ್ಯಾಗ್ ತೆಗೀರಿ ಸಾರ್’ ಅನ್ನಲಿ. ತಾಳೆಯಾಗದ ತಿಂಗಳು ಒಂದಕ್ಕೆ ಒಂದರಂತೆ 38 ಮೆಮೊ ಕೊಡಲಿ. ಸಾಹೇಬರು ಸಮಿತಿ ಮಾಡಿ, ಕೂಲಂಕಷವಾಗಿ ಪರಿಶೀಲಿಸಿ, 14ಕ್ಕೆ ಉತ್ತರ ಬರೆಯಲು ತಾತ್ವಿಕವಾಗಿ ಒಪ್ಪಬಹುದು.